ಸಫಾರಿಗೆ ನೀಲಿ ಸ್ವೆಟರ್ ಬೇಡವೇ?

ಗುಂಪು: ಒಂಟಿಕೊಪ್ಪಲು ಮನೆಯವರು

ವತ್ಸಲಾ ಅತ್ತೆ (ಹಲವು ಬಾರಿ ಫಾರ್ವರ್ಡ್ ಆಗಿದೆ): ಸಫಾರಿಗೆ ಹೋಗುವವರು ತಪ್ಪದೆ ಓದಿ!! ನೀಲಿ, ಕಪ್ಪು ಬಟ್ಟೆ ತೊಡಬೇಡಿ. ಆ ಬಣ್ಣಕ್ಕೆ ಮಾರಕ ನೊಣ ಮುತ್ತುತ್ತದೆ, ಕಚ್ಚಿದರೆ ನಿದ್ರಾರೋಗ. ಸೈನಿಕರ ಉಡುಪಿನಂಥ ಬಟ್ಟೆ ಹಾಕಿದರೆ ಬಂಧನ. ಚೀಲ 15 ಕಿಲೋ ಮೀರಬಾರದು. ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ನಿಮ್ಮವರಿಗೆಲ್ಲ ಕಳುಹಿಸಿ, ಜೀವ ಉಳಿಸಿ.

ವತ್ಸಲಾ ಅತ್ತೆ: ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಬೇಡ ಎಂದು ಮೊದಲೇ ಹೇಳಿದ್ದೆ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ. ಲಸಿಕೆ ಹಾಕಿಸುವುದು ಯಾವಾಗ?

ಶೈಲಾ: ಅಯ್ಯೋ, ನಿನ್ನೆ ತಾನೇ ಅರಸು ರಸ್ತೆಯಲ್ಲಿ ಇಬ್ಬರಿಗೂ ನೀಲಿ ಸ್ವೆಟರ್ ಕೊಂಡು ತಂದೆ. ಬಿಲ್ ಎಲ್ಲಿಟ್ಟೆನೋ ಕಾಣಿಸುತ್ತಿಲ್ಲ.

ಪ್ರಸನ್ನ: ಅತ್ತೆ, ಇದನ್ನು ಬರೆದವರು ಯಾರು? ಯಾವ ದೇಶದ ಕಾಡಿನ ಮಾತು ಇದು?

ವತ್ಸಲಾ ಅತ್ತೆ: ನಮ್ಮ ಭಜನಾ ಮಂಡಳಿಯ ಗುಂಪಿನಲ್ಲಿ ಬಂತು. ಕಳುಹಿಸಿದವರ ಅಳಿಯ ಡಾಕ್ಟರ್.

ಪ್ರಸನ್ನ: ಹಾಗಾದರೆ ಬರೆದದ್ದು ಡಾಕ್ಟರ್ ಅಲ್ಲ.

ವತ್ಸಲಾ ಅತ್ತೆ: ನಿನಗೆ ಎಲ್ಲಕ್ಕೂ ಸಾಕ್ಷಿ ಬೇಕು. ನಿನ್ನ ಗೃಹಪ್ರವೇಶದ ದಿನ ನಿಂಬೆ ನೀರಿನ ವಿಷಯ ಹೇಳಿದ್ದಕ್ಕೆ ಬೀಗರ ಎದುರೇ ನನಗೆ ಮುಖಭಂಗ ಮಾಡಿದೆ. ನಾನು ಮರೆತಿಲ್ಲ.

ಪ್ರಸನ್ನ: ನಿಂಬೆ ನೀರಿನಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದಿರಿ. ಮಾವ ಅದನ್ನು ನಂಬಿ ಮಾತ್ರೆ ನಿಲ್ಲಿಸಿದ್ದರು. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತೇ?

ದೊಡ್ಡಪ್ಪ: ಪ್ರಸನ್ನ, ಹಿರಿಯರೊಂದಿಗೆ ಈ ಧಾಟಿ ಬೇಡ. ವತ್ಸಲಾ, ನೀನೂ ಹಳೆಯದನ್ನು ಕೆದಕಬೇಡ. ನಮ್ಮ ಕಾಲದಲ್ಲಿ ಒಂದು ಕಂಬಳಿ, ಒಂದು ಬುತ್ತಿ ಗಂಟು ಇದ್ದರೆ ಕಾಡಿಗೆ ಹೊರಟೆವು. ಕಾಡು ಮದುವೆ ಛತ್ರವಲ್ಲ, ಹೊಸ ಬಟ್ಟೆ ಏಕೆ? ಅಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ಕಲಿಯಬೇಕು.

ಶೈಲಾ: ದೊಡ್ಡಮಾವ, ಹಳೆಯದು ಮಕ್ಕಳಿಗೆ ಬಿಗಿಯಾಗಿದೆ. ಶೋಕಿಗೆಂದು ತಂದದ್ದಲ್ಲ.

ಗೋಪಣ್ಣ: ಕಾಡು ಎಂದ ಕೂಡಲೇ 1971 ನೆನಪಾಯಿತು. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾಕನಕೋಟೆಯ ಕೊನೆಯ ಖೆಡ್ಡಾ. ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೆ. ತಮಟೆಯ ಸದ್ದು, ಜನರ ಕೂಗು, ಹೊಳೆಗೆ ಇಳಿಯುವ ಆನೆಗಳು. ಪಳಗಿದ ಆನೆಗಳು ಎರಡೂ ಕಡೆ ಒತ್ತಿ ನಿಂತರೆ ಮಾವುತರು ಹಗ್ಗ ಬಿಗಿಯುತ್ತಿದ್ದರು. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆಯ ರುಚಿ ಇನ್ನೂ ನಾಲಗೆಯ ಮೇಲಿದೆ.

ದೊಡ್ಡಪ್ಪ: ನೀನು ಹೆದರಿ ಅತ್ತುಬಿಟ್ಟೆ. ನಿನ್ನನ್ನು ಸಂತೈಸುವುದರಲ್ಲಿ ನನಗೆ ಒಂದು ಆನೆಯೂ ಸರಿಯಾಗಿ ಕಾಣಲಿಲ್ಲ.

ಗೋಪಣ್ಣ: ಅತ್ತದ್ದು ನಾನಲ್ಲ ಅಪ್ಪ, ತಮ್ಮ.

ಸುಮಾ: ಎಲ್ಲರೂ ದಯವಿಟ್ಟು ಒಂದು ನಿಮಿಷ ಓದಿ. ಭಾನುವಾರದ ಟಿಕೆಟ್ ಮಾಡಿಸಿದವಳು ನಾನು, ಆದ್ದರಿಂದ ಹೇಳುತ್ತಿದ್ದೇನೆ. ಈ ಪಟ್ಟಿ ಸುಳ್ಳಲ್ಲ, ಆದರೆ ಇದು ಆಫ್ರಿಕಾದ್ದು. ಅದರಲ್ಲಿ ಹೇಳಿರುವುದು ತ್ಸೆತ್ಸೆ ನೊಣ. ಅದು ಇರುವುದು ಸಹರಾ ಮರುಭೂಮಿಯ ದಕ್ಷಿಣಕ್ಕೆ. ನೀಲಿ, ಕಪ್ಪು ಬಣ್ಣ ಅದನ್ನು ನಿಜವಾಗಿಯೂ ಸೆಳೆಯುತ್ತದೆ, ಅಲ್ಲಿ ಅದನ್ನು ಹಿಡಿಯುವ ಬಲೆಗಳನ್ನೇ ಆ ಬಣ್ಣದ ಬಟ್ಟೆಯಿಂದ ಮಾಡುತ್ತಾರೆ. ಸೈನಿಕ ಉಡುಪಿನ ನಿಷೇಧ ಜಿಂಬಾಬ್ವೆಯಂಥ ದೇಶಗಳದ್ದು. 15 ಕಿಲೋ ಲೆಕ್ಕ ಕೀನ್ಯಾದ ಮಸಾಯಿ ಮಾರಾದಂಥ ಕಡೆಗೆ ಹಾರುವ ಪುಟ್ಟ ವಿಮಾನಗಳದ್ದು. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ. ನಾವು ಹೋಗುತ್ತಿರುವುದು ಎಚ್.ಡಿ. ಕೋಟೆ ದಾಟಿ ನಾಗರಹೊಳೆ ಕಾಡಿನ ದಮ್ಮನಕಟ್ಟೆಗೆ, ಅದೂ ಅರಣ್ಯ ಇಲಾಖೆಯ ವಾಹನದಲ್ಲಿ.

ಸುಮಾ: ಡಿಸೆಂಬರಿನ ಬೆಳಗಿನ ಜಾವ ಕಬಿನಿ ಹಿನ್ನೀರಿನ ಗಾಳಿ ಮೂಳೆಗೆ ಇಳಿಯುತ್ತದೆ. ಶೈಲಾ ಅತ್ತಿಗೆ, ಸ್ವೆಟರ್ ಹಿಂದಿರುಗಿಸಬೇಡಿ, ಕಿವಿ ಮುಚ್ಚುವ ಟೋಪಿಯನ್ನೂ ತನ್ನಿ. ನೀರು ಸ್ಟೀಲ್ ಬಾಟಲಿಯಲ್ಲಿರಲಿ. ಸೆಂಟು ಬೇಡ. ಗುರುತಿನ ಚೀಟಿ ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಮೊಬೈಲ್ ಸದ್ದು ಮಾಡಬಾರದು. ಕಡವೆ, ಜಿಂಕೆ, ಮುಸುವ ಕೂಗಿ ಎಚ್ಚರಿಸುವುದನ್ನು ಕೇಳಿಯೇ ಚಾಲಕರು ಹುಲಿ ಎಲ್ಲಿದೆ ಎಂದು ಊಹಿಸುವುದು. ನಾವು ಹರಟುತ್ತಾ ಕುಳಿತರೆ ಆ ಕೂಗು ಕೇಳಿಸುವುದಿಲ್ಲ. ಮಕ್ಕಳು ಹುಲಿ ಕಂಡರೂ ಕಾಣದಿದ್ದರೂ ಆ ಕೂಗನ್ನು ಕೇಳಬೇಕೆಂಬ ಆಸೆ ನನಗೆ.

ಪ್ರಸನ್ನ: ಸರಿಯಾಗಿ ಹೇಳಿದೆ. ಆದರೂ ಒಂದು ಮಾತು. ಜಿಂಕೆಗಳಿಗೆ ಕೆಂಪು, ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ವತ್ಸಲಾ ಅತ್ತೆ: ನೋಡಿದಿರಾ, ಈಗ ಅವನೇ ನೀಲಿ ಬೇಡ ಎನ್ನುತ್ತಿದ್ದಾನೆ.

ಪ್ರಸನ್ನ: ನಾನು ಹಾಗೆ ಹೇಳಲಿಲ್ಲ!

ಶೈಲಾ: ಈಗ ಸ್ವೆಟರ್ ಇಟ್ಟುಕೊಳ್ಳಲೋ ಬೇಡವೋ? ಗಂಡನೇ ಹೀಗೆ ಗೊಂದಲ ಮಾಡಿದರೆ ಯಾರನ್ನು ಕೇಳಲಿ?

ಸುಮಾ: ಇಟ್ಟುಕೊಳ್ಳಿ ಅತ್ತಿಗೆ. ಅಷ್ಟು ದೊಡ್ಡ ವಾಹನ ಕಾಣುವ ಜಿಂಕೆಗೆ ಒಳಗಿನ ಸ್ವೆಟರ್ ಯಾವ ಲೆಕ್ಕ? ಮಕ್ಕಳು ಬೆಚ್ಚಗಿರಲಿ.

ವತ್ಸಲಾ ಅತ್ತೆ: ನನಗೆ ಅವರ ಚಿಂತೆಯೇ ಆಗಿತ್ತು. ಸುಮಾ ನಿಧಾನವಾಗಿ ಹೇಳಿದಳು, ಅರ್ಥವಾಯಿತು. ದಾರಿಗೆ ಕೋಡುಬಳೆ ಮಾಡಿ ತರುತ್ತೇನೆ.

ಸುಮಾ: ತನ್ನಿ ಅತ್ತೆ, ಆದರೆ ಕಾಡಿನೊಳಗೆ ಬಿಚ್ಚುವುದು ಬೇಡ. ಬರುವಾಗ ಹ್ಯಾಂಡ್‌ಪೋಸ್ಟ್‌ನಲ್ಲಿ ಕಾಫಿಗೆ ನಿಲ್ಲೋಣ, ಅಲ್ಲಿ ತಿನ್ನೋಣ.

ಗೋಪಣ್ಣ: ಅಪ್ಪ, ನಿಮ್ಮ ದುರ್ಬೀನು ಮಕ್ಕಳಿಗೆ ಕೊಡುತ್ತೀರಾ?

ದೊಡ್ಡಪ್ಪ: ಅದು ನನ್ನ ಬಳಿ ಎಲ್ಲಿದೆ? ರಂಗನತಿಟ್ಟಿಗೆಂದು ಪ್ರಸನ್ನ ಒಯ್ದ.

ಪ್ರಸನ್ನ: ಹಿಂದಿರುಗಿಸಿದ್ದೇನೆ ದೊಡ್ಡಪ್ಪ. ಗೋಪಣ್ಣನ ಕೈಗೆ ಕೊಟ್ಟೆ.

ಗೋಪಣ್ಣ: ನನ್ನ ಕೈಗೆ ಬಂದದ್ದು ಬರೀ ಚರ್ಮದ ಚೀಲ. ಒಳಗೆ ದುರ್ಬೀನು ಇರಲಿಲ್ಲ. ಆಗಲೇ ಹೇಳಿದ್ದೆ.

ದೊಡ್ಡಪ್ಪ: ಯಾರ ಬಳಿ ಇದ್ದರೂ ಸರಿ, ಶನಿವಾರ ಸಂಜೆಯೊಳಗೆ ನನ್ನ ಮನೆಗೆ ಬರಬೇಕು.