ಅಪ್‌ಡೇಟ್: ಅಮ್ಮನ ಕಫದ ಸೆನ್ಸಿಟಿವಿಟಿ ರಿಪೋರ್ಟ್ ಬಂತು

ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಇದ್ದ ಕೋರ್ಸ್ ನಡೀತಿದ್ರೂ ಅಮ್ಮನ ಕಫ ಯಾಕೆ ಕಡಿಮೆಯಾಗ್ತಿಲ್ಲ ಅಂತ ಇಲ್ಲಿ ಕೇಳಿದ್ದೆನಲ್ಲ, ಯಾವ ಔಷಧಿ ರೋಗಾಣುವಿಗೆ ನಾಟುತ್ತೆ ಅಂತ ತೋರಿಸೋ ಈ ರಿಪೋರ್ಟಿನಿಂದ ಉತ್ತರ ಸಿಕ್ಕಿತು. ರೋಗಾಣು ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಇಲ್ಲಿ ಬಂದ ಡೋಸ್ ಹೆಚ್ಚಿಸೋ ಸಲಹೆಯನ್ನು ಡಾಕ್ಟರ್ ಒಪ್ಪಲಿಲ್ಲ. ಕೆಲಸಕ್ಕೆ ಬಂದದ್ದು "ಲ್ಯಾಬಿನವರು ರೋಗಾಣುವನ್ನು ಔಷಧಿ ಜೊತೆ 14 ದಿನದವರೆಗೂ ಇಟ್ಟು ನೋಡಲಿ" ಅಂದವರ ಮಾತು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಮೊದಲ ರಿಪೋರ್ಟಿನಲ್ಲಿ ಕ್ಲಾರಿಥ್ರೊಮೈಸಿನ್ ಎದುರು 'ಎಸ್' ಅಂತಿತ್ತು, ಅಂದ್ರೆ ನಾಟುತ್ತೆ ಅಂತ. 14ನೇ ದಿನಕ್ಕೆ ಅದೇ ಸಾಲು 'ಆರ್' ಆಯ್ತು, ಅಂದ್ರೆ ನಾಟಲ್ಲ ಅಂತ! ಈ ರೋಗಾಣುವಿನಲ್ಲಿ ಎರ್ಮ್ 41 ಅನ್ನೋ ಜೀನ್ ಚುರುಕಾಗಿದ್ದರೆ, ಔಷಧಿ ತಾಗಿದ ಮೇಲೇ ನಿಧಾನಕ್ಕೆ ಪ್ರತಿರೋಧ ತಲೆ ಎತ್ತುತ್ತಂತೆ. ಈಗ ಅಮಿಕಾಸಿನ್ ಇಂಜೆಕ್ಷನ್ ಜೊತೆ ಬೇರೆ ಔಷಧಿಗಳು ನಡೀತಿವೆ. ಕಿವಿ, ಕಿಡ್ನಿ ಟೆಸ್ಟೂ ಆಗಾಗ ಮಾಡಿಸ್ತಿದ್ದಾರೆ. ಜ್ವರ ಬಿಟ್ಟಿದೆ, ಕಫ ಇಳಿದಿದೆ. ನಿಮ್ಮ ರಿಪೋರ್ಟ್ ಬಂದಾಗ ಅದು ಎಷ್ಟನೇ ದಿನದ ರೀಡಿಂಗ್ ಅಂತ ಖಂಡಿತ ಕೇಳಿ.