ಅಪ್‌ಡೇಟ್: ಲಾಕ್‌ಡೌನ್ ಈಸ್ಟರ್‌ಗೆ ಮೊಟ್ಟೆಗಳಿಗೆ ಬಣ್ಣ ಹತ್ತಿತು

2020ರ ಏಪ್ರಿಲ್ 12ರ ಈಸ್ಟರ್‌ಗೆ ಚರ್ಚ್ ಇಲ್ಲ, ಅಂಗಡಿಯಲ್ಲಿ ಬಣ್ಣವೂ ಇಲ್ಲ, ಮಕ್ಕಳ ಜೊತೆ ಮನೆಯಲ್ಲೇ ಏನು ಮಾಡೋದು ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಗೆದ್ದಿದ್ದು ಈರುಳ್ಳಿ ಸಿಪ್ಪೆ. ಹತ್ತು-ಹನ್ನೆರಡು ಈರುಳ್ಳಿಯ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಆರಿದ ಮೇಲೆ ಎರಡು ದೊಡ್ಡ ಚಮಚ ವಿನಿಗರ್ ಹಾಕಿ. ಬೇಯಿಸಿದ ಮೊಟ್ಟೆ ಮುಳುಗಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಇಟ್ಟಿಗೆ ಕೆಂಪು. ವಿನಿಗರ್ ಇನ್ನೂ ಸುರಿಯೋಣ ಅನ್ನಿಸುತ್ತೆ, ಬೇಡ: ಅದು ಚಿಪ್ಪಿನ ಸುಣ್ಣವನ್ನೇ ಕರಗಿಸುತ್ತೆ, ಮೊಟ್ಟೆ ಮೇಲೆ ಗುಳ್ಳೆ ಏಳುತ್ತೆ, ಬಣ್ಣ ತೇಪೆ ತೇಪೆಯಾಗುತ್ತೆ.

ಅರಿಶಿನವೂ ಚೆನ್ನಾಗಿ ಹಿಡಿಯಿತು. ಬೀಟ್‌ರೂಟ್ ಮಾತ್ರ ನಿರಾಸೆ. ಪಾತ್ರೆಯಲ್ಲಿ ಕಡುಗೆಂಪು, ಮೊಟ್ಟೆ ಮೇಲೆ ಮಂಕು ಕಂದು.

ನಿಜವಾದ ಆಶ್ಚರ್ಯ ನೇರಳೆ ಕೋಸಿನದು. ಅರ್ಧ ಕೋಸು ಹೆಚ್ಚಿ ಇದೇ ಥರ ಕುದಿಸಿದ ನೀರು ನೇರಳೆ, ವಿನಿಗರ್ ಬಿದ್ದರೆ ಗುಲಾಬಿ; ಬಿಳಿ ಮೊಟ್ಟೆ ರಾತ್ರಿಯಿಡೀ ನೆಂದು ಹೊರಬಂದಾಗ ನೀಲಿ! ಚಿಪ್ಪು ಕ್ಷಾರೀಯ, ಕೋಸಿನ ಬಣ್ಣ ಹುಳಿ-ಕ್ಷಾರಕ್ಕೆ ತಕ್ಕಂತೆ ಬದಲಾಗುತ್ತೆ. ಕಂದು ಮೊಟ್ಟೆಗೆ ಈ ನೀಲಿ ಸರಿಯಾಗಿ ಬರಲ್ಲ.

ಮೇಣದಬತ್ತಿಯಿಂದ ಚಿತ್ರ ಬರೆದು ಅದ್ದುವ ಸಲಹೆಯೂ ಫಲಿಸಿತು, ಆದರೆ ಬಣ್ಣದ ನೀರು ತಣ್ಣಗಿರಬೇಕು, ಬಿಸಿಯಿದ್ದರೆ ಮೇಣ ಕರಗುತ್ತೆ. ಮಕ್ಕಳು ಹೆಚ್ಚು ಹೊತ್ತು ಕೂತಿದ್ದು ಇದಕ್ಕೇ. ಟಿವಿಯ ಪೂಜೆ ಮುಗಿದ ಮೇಲೆ ಮೊಟ್ಟೆಗೆ ಮೊಟ್ಟೆ ಗುದ್ದುವ ಆಟ. ಚೂಪು ತುದಿ ಮುಂದಿಟ್ಟವರಿಗೇ ಲಾಭ. ತಿನ್ನುವುದಾದರೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಚಿಪ್ಪು ಒಡೆಯದೆ ಉಳಿದವು ಫ್ರಿಜ್‌ನಲ್ಲಿ ಒಂದು ವಾರ ಇರುತ್ತವೆ.