ಬೆಂಗ್ಳೂರಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ, ಮೊದಲ್ನೇ ಸಲ, ಏನೇನು ರೆಡಿ ಮಾಡ್ಕೋಬೇಕು?

ಹೊಸ ನಡಿಗೆಗಾರ:
ಎಲ್ಲರಿಗೂ ನಮಸ್ಕಾರ. ಬರೋ ಶಿವರಾತ್ರಿಗೆ ನಾವು ಐದು ಜನ ಫ್ರೆಂಡ್ಸ್ ಧರ್ಮಸ್ಥಳಕ್ಕೆ ನಡ್ಕೊಂಡೇ ಹೋಗೋಣ ಅಂತಿದೀವಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಆಮೇಲೆ ಚಾರ್ಮಾಡಿ ಘಾಟಿ. ಹತ್ರತ್ರ 300 ಕಿಮೀ, ದಿನಕ್ಕೆ 50 ಅಂದ್ರೆ 6 ದಿನಕ್ಕೆ ಮುಗೀತು. ಒಬ್ಬೊಬ್ರ ಬ್ಯಾಗು 10 ಕೆಜಿ. ಇದಕ್ಕೇ ಅಂತ ಹೊಸ ಶೂ ತಗೊಂಡಿದೀನಿ, ಅಲ್ಲೀವರ್ಗೂ ಹಾಳಾಗ್ಬಾರ್ದು ಅಂತ ಬಾಕ್ಸಲ್ಲೇ ಇದೆ. ಇನ್ನೇನು ಬೇಕು?

ಹಾಸನದವ್ನು:
ಮೊದ್ಲು ಆ ಶೂನ ಬಾಕ್ಸಿಂದ ಈಚೆ ತೆಗೀರಿ ಸ್ವಾಮಿ 😀 ನಾನು ನಾಲ್ಕು ಸಲ ಹೋಗಿದೀನಿ, ಮೊದಲ್ನೇ ಸಲ ನಂದೂ ಇದೇ ಕಥೆ, ಕುಣಿಗಲ್ ದಾಟೋದ್ರೊಳಗೆ ಎರಡೂ ಹಿಮ್ಮಡೀಲಿ ಬೊಬ್ಬೆ ಎದ್ದು ಒಡೆದು ಸಾಕ್ಸಿಗೆ ಅಂಟ್ಕೊಂಡು, ರಾತ್ರಿ ನೀರಲ್ಲಿ ನೆನೆಸಿ ಬಿಡಿಸ್ಬೇಕಾಯ್ತು. ಈಗಿಂದ್ಲೇ ಹಾಕ್ಕೊಂಡು ಓಡಾಡಿ. 50 ಕಿಮೀ ಒಂದು ದಿನ ನಡೀಬೋದು, ಮಾರನೇ ದಿನ ಬಾತ್‌ರೂಮಿಗೆ ಹೋಗಕ್ಕೂ ಗೋಡೆ ಹಿಡ್ಕೋಬೇಕು. 35-40 ಇಟ್ಕೊಳಿ, 8 ದಿನ ರಜೆ ಹಾಕಿ. ಪ್ರಾಕ್ಟೀಸ್ ಮಾಡಿದ್ರೆ ಶನಿವಾರ 20, ಭಾನುವಾರ ಮತ್ತೆ 20 ಮಾಡಿ, ಕಾಲಿನ ನಿಜ ಗೊತ್ತಾಗೋದು ಎರಡನೇ ದಿನವೇ. ಬೆಳಗಿನ ಜಾವ ಮೂರೂವರೆಗೆ ಹೊರಟ್ರೆ ಹತ್ತು ಗಂಟೆಗೆ 25 ಆಗಿರುತ್ತೆ, ಬಿಸ್ಲಲ್ಲಿ ಮಲಗಿ, ಸಂಜೆ ಮಿಕ್ಕಿದ್ದು.

ಪದ್ಮನಾಭನಗರ:
10 ಕೆಜಿ ಏನಕ್ಕೆ? ದಾರಿಯುದ್ದ ಮಜ್ಜಿಗೆ, ಪಾನಕ, ಊಟ ಕೊಡೋ ಪುಣ್ಯಾತ್ಮರು ಇರ್ತಾರೆ. ಒಂದು ಟಾಟಾ ಏಸ್ ಮಾಡ್ಕೊಂಡು ಲಗೇಜು, ಜಮಖಾನೆ ಅದಕ್ಕೆ ಹಾಕಿ, ಇಲ್ಲ ಬೇರೆ ತಂಡದ ಗಾಡೀಲಿ ಶೇರ್ ಕೇಳಿ. ನಿಮ್ಮತ್ರ ನೀರು, ಓಆರ್‌ಎಸ್, ಟಾರ್ಚು, ಒಣಗಿದ ಸಾಕ್ಸ್ ಇದ್ರೆ ಸಾಕು. ಕತ್ತಲಲ್ಲಿ ಮಿಂಚೋ ಜಾಕೆಟ್ ಕಂಪಲ್ಸರಿ, ರಸ್ತೆ ಬಲಗಡೆ ನಡೀರಿ, ಎದುರಿಗೆ ಬರೋ ಲಾರಿ ಕಾಣ್ಬೇಕು. ಇನ್ನೊಂದು, ನಾಚ್ಕೊಂಡು ಯಾರೂ ಹೇಳಲ್ಲ, ತೊಡೆ ಸಂದಿ ಉಜ್ಜಿ ಉಜ್ಜಿ ಉರಿ ಶುರುವಾದ್ರೆ ಬೊಬ್ಬೆನೇ ವಾಸಿ ಅನ್ಸುತ್ತೆ. ದಿನಾ ಹೊರಡೋ ಮುಂಚೆ ಕೊಬ್ಬರಿ ಎಣ್ಣೆ.

ಹೊಸ ನಡಿಗೆಗಾರ:
ಥ್ಯಾಂಕ್ಸ್ ಸರ್, 8 ದಿನಾನೇ ಮಾಡ್ತೀವಿ. ಚಾರ್ಮಾಡಿ ಹೆಂಗಿದ್ರೂ ಇಳಿಯೋದು ತಾನೆ, ಅವತ್ತು ಜಾಸ್ತಿ ಕಿಮೀ ಹೊಡೀಬೋದಲ್ವಾ?

ಉಜಿರೆ ಪೇಟೆ:
ಆ ಇಳಿಜಾರನ್ನು ನಂಬ್ಬೇಡಿ ಮಾರಾಯ್ರೆ. ಕೊಟ್ಟಿಗೆಹಾರದಿಂದ ಕೆಳಗೆ ಬರೀ ತಿರುವು, 20 ಕಿಮೀ ಮೇಲೆಯೇ ಉಂಟು. ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗ್ತದೆ, ಮಂಡಿ ನಡುಗ್ತದೆ. ಎರಡು ದಿನ ಮೊದಲೇ ಉಗುರು ತೆಗೀರಿ, ಲೇಸು ಮೇಲ್ಗಡೆ ಬಿಗಿ ಕಟ್ಟಿ. ಆನೆ ಓಡಾಡುವ ಜಾಗ, ಕತ್ತಲಲ್ಲಿ ಒಬ್ಬೊಬ್ಬರೇ ಬರ್ಬೇಡಿ, ಬೆಳಕು ಹರಿದ ಮೇಲೆ ನೀರುದೋಸೆ ತಿಂದು ಹೊರಡಿ. ಕೆಳಗೆ ಬಂದ ಕೂಡ್ಲೇ ಸೆಕೆ ಹಿಡೀತದೆ, ಮೂಡಿಗೆರೆಯ ಸ್ವೆಟರೆಲ್ಲ ಗಾಡಿಗೆ ಹಾಕಿ. ನಮ್ಮ ಉಜಿರೆಯಿಂದ ಮತ್ತೆ 9 ಕಿಮೀ, ನೇತ್ರಾವತಿಯಲ್ಲಿ ಕಾಲು ಇಳಿಬಿಟ್ಟು ಕೂತ್ರೆ ಏಳ್ಲಿಕ್ಕೆ ಮನಸ್ಸಾಗುದಿಲ್ಲ. ವಾಪಸ್ ಬಸ್ಸಿಗೆ ಬುಕಿಂಗ್ ಓಪನ್ ಆದ ದಿನವೇ ಸೀಟು ಹಿಡೀರಿ. ಸ್ಲೀಪರ್ ಆದ್ರೆ ಕೆಳಗಿನ ಬರ್ತು ಮಾತ್ರ, ಮೇಲೆ ಹತ್ಲಿಕ್ಕೆ ನಿಮ್ಮಿಂದ ಆಗುದಿಲ್ಲ.